ಕಳ್ಳನ ಹಿಂದೆ ಎಷ್ಟು ದಾರ

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಕಳ್ಳರ ಬೆನ್ನು ಹತ್ತುವ ಮಂದಿಯೆಲ್ಲ ದಾರದವರೇ. ಫೌಜದಾರ, ಜಮಾದಾರ, ಹವಾಲ್ದಾರ. ಅವರ ಕಿವಿಗೆ ಸುದ್ದಿ ಊದುವವನು ಬಾತ್ಮೀದಾರ. ಇಷ್ಟು ದಾರ ಇದ್ದೂ ಕಳ್ಳನ ಕೈ ಕಟ್ಟಲಿಕ್ಕೆ ಹೊತ್ತಿಗೆ ಒಂದು ಗೇಣು ಸಿಗುವುದಿಲ್ಲವಲ್ಲ ಎಂದು ಇಳಕಲ್ಲಿನ ನೇಕಾರರು ನಕ್ಕರೆ ತಪ್ಪೇನು?

1956ರಲ್ಲಿ ಮುಂಬಯಿ ರಾಜ್ಯ ಬಿಟ್ಟು ಮೈಸೂರು ಸೇರಿದೆವು, 1997ರಲ್ಲಿ ವಿಜಾಪುರದಿಂದ ಪಾಲಾಗಿ ಬೇರೆ ಜಿಲ್ಲೆಯೂ ಆದೆವು. ಕಾಗದದಲ್ಲಿ ‘ತನಿಖಾಧಿಕಾರಿ’ ಎಂದು ಎಷ್ಟು ಚಂದ ಬರೆದರೂ ಹುನಗುಂದದ ಹಿರಿಯರ ಬಾಯಲ್ಲಿ ಅವರು ಫೌಜದಾರ ಸಾಹೇಬರೇ. ಸಿಕ್ಕ ಕಳುವಿನ ಮಾಲು ಮುದ್ದೆಮಾಲು. ಮಂಡ್ಯದ ಕಡೆಯಿಂದ ವರ್ಗವಾಗಿ ಬಂದ ಪೇದೆಗೆ ‘ಮುದ್ದೆಮಾಲು ತಾರಪಾ’ ಎಂದರೆ, ಸಾರು ಎಲ್ಲಿ ಎಂದು ಕೇಳಿಯಾನು. ಜೋಳದ ರೊಟ್ಟಿಯ ಈ ನಾಡಿನಲ್ಲಿ ಮುದ್ದೆ ಸಿಗುವುದು ಠಾಣೆಯಲ್ಲಿ ಮಾತ್ರ.

ಇನ್ನೊಂದು ದಾರ ಇದೆ, ಪತ್ತೇದಾರ. ಆದರೆ ಅವನು ಪುಸ್ತಕದವನು. 1952ರಲ್ಲಿ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿ, ಆಮೇಲೆ ಐನೂರರ ಮೇಲೆ ಕಾದಂಬರಿ ಬರೆದು ಕನ್ನಡಿಗರನ್ನು ರಾತ್ರಿಯೆಲ್ಲ ಎಚ್ಚರ ಇಟ್ಟರು. ಕೋಟು, ಹ್ಯಾಟು ಹಾಕಿದ ಅಂಥವನೊಬ್ಬ ಮೇ ತಿಂಗಳಲ್ಲಿ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ, ಕಳ್ಳನಿಗಿಂತ ಮೊದಲು ಅವನನ್ನೇ ಹಿಡಿದು ನೀರು ಕುಡಿಸಬೇಕಾದೀತು.

ದಾರವಿಲ್ಲದ ಹಳಬ ನಮ್ಮ ತಳವಾರ. ‘ವಡ್ಡಾರಾಧನೆ’ಯಲ್ಲಿ ಅವನೇ ತಳಾರ. ಅಲ್ಲಿಯ ತಳಾರ ಯಮದಂಡ, ಕಳ್ಳ ವಿದ್ಯುಚ್ಚೋರ, ಇಬ್ಬರೂ ಒಂದೇ ಗುರುವಿನ ಹತ್ತಿರ ಕಲಿತವರು. ಅರಮನೆಯ ಹಾರ ಹೋಯಿತು. ಅರಸ ಏಳು ದಿನದ ಗಡುವು ಕೊಟ್ಟ. ಕಳ್ಳ ಕುಷ್ಠರೋಗಿಯ ವೇಷದಲ್ಲಿ ಕೂತ. ಸಾವಿರ ವರ್ಷದ ಹಿಂದೆಯೇ ವೇಷ ಇತ್ತು, ಗಡುವು ಇತ್ತು, ಮೇಲಿನವರ ಒತ್ತಡವೂ ಇತ್ತು. ಪತ್ರಕರ್ತರು ಇರಲಿಲ್ಲ, ಅಷ್ಟೇ ಅವನ ಪುಣ್ಯ.

ಅದಕ್ಕೂ ಹಳೆಯ ಕೇಸು ಬಾದಾಮಿಯದು. ವಾತಾಪಿ, ಇಲ್ವಲ ಅಣ್ಣತಮ್ಮಂದಿರು. ವಾತಾಪಿ ಟಗರಾಗುವನು, ಇಲ್ವಲ ಅದನ್ನು ಕೊಯ್ದು ಅಡಿಗೆ ಮಾಡಿ ದಾರಿಹೋಕ ಬ್ರಾಹ್ಮಣರಿಗೆ ಬಡಿಸುವನು. ಉಂಡು ಕೈ ತೊಳೆಯುವಷ್ಟರಲ್ಲಿ ‘ವಾತಾಪಿ, ಬಾರೋ’ ಎಂದು ಕೂಗಿದರೆ ಅವನು ಹೊಟ್ಟೆ ಸೀಳಿಕೊಂಡು ಹೊರಗೆ. ಅಪ್ಪಟ ಸರಣಿ ಕೊಲೆ. ತನಿಖೆಗೆ ಬಂದ ಅಗಸ್ತ್ಯ ಏನು ಮಾಡಿದ? ಪ್ರಶ್ನೆ ಕೇಳಲಿಲ್ಲ, ಜಬಾನಿ ಬರೆಯಲಿಲ್ಲ. ಊಟ ಮಾಡಿ, ಹೊಟ್ಟೆ ಸವರಿ, ‘ಜೀರ್ಣೋ ಭವ’ ಎಂದುಬಿಟ್ಟ. ಆರೋಪಿಯೂ ಅವನೇ, ಮುದ್ದೆಮಾಲೂ ಅವನೇ. ಎರಡೂ ಕರಗಿ ಹೋದ ಮೇಲೆ ಪಂಚರು ಯಾವುದಕ್ಕೆ ಸಹಿ ಹಾಕಬೇಕು? ನಮ್ಮವರ ನ್ಯಾಯ ನೋಡಿ, ಆರೋಪಿಯ ಹೆಸರು ಊರಿಗೆ ಇಟ್ಟರು, ಅಧಿಕಾರಿಯ ಹೆಸರು ಕೆರೆಗೆ.

ಅದೇ ಊರನ್ನು 642ರಲ್ಲಿ ಗೆದ್ದ ಪಲ್ಲವರ ನರಸಿಂಹವರ್ಮ ತಾನೇ ಬಂಡೆಯ ಮೇಲೆ ಹೆಸರು ಕೊರೆಸಿ ಹೋದ. ಅಂಥ ಸರಳ ಆರೋಪಿ ನಮ್ಮ ಪೊಲೀಸರಿಗೆ ಮತ್ತೆ ಸಿಕ್ಕಿಲ್ಲ. ಪತ್ತೆ ಮಾಡುವ ಕೆಲಸ ಬಿದ್ದದ್ದು ಕೋಟೆ ಕಟ್ಟಿಸಿದ ಮೊದಲ ಪುಲಕೇಶಿಯದು. ಶಕ 465ರ, ಅಂದರೆ ಕ್ರಿ.ಶ. 543ರ ಅವನ ಶಾಸನ ಕಡಿದಾದ ಬಂಡೆಗೆ ಅಂಟಿಕೊಂಡು ಕೂತಿತ್ತು. ಬೆಳಕಿಗೆ ಬಂದದ್ದು 1941ರಲ್ಲಿ. ಅದನ್ನು ಓದಿ ಪ್ರಕಟಿಸಿದ ಆರ್. ಎಸ್. ಪಂಚಮುಖಿಯವರನ್ನು ಶಾಸನತಜ್ಞ ಎನ್ನುತ್ತೇವೆ. ಒಂದು ದಾರ ಅವರಿಗೂ ಕೊಡಬಹುದಿತ್ತು.

ಇವರನ್ನೆಲ್ಲ ಒಂದು ತಕ್ಕಡಿಗೆ ಹಾಕಿ, ಇನ್ನೊಂದಕ್ಕೆ ನಮ್ಮ ಓಣಿಯ ಆಯಿಯನ್ನು ಕೂಡಿಸಿದರೆ ಆಯಿಯೇ ತೂಕ. ಗೋಡೆ ಮೇಲೆ ಒಣಹಾಕಿದ ಸೊಸೆಯ ಇಳಕಲ್ ಸೀರೆ ಒಂದು ಮಧ್ಯಾಹ್ನ ಮಾಯವಾಯಿತು. ಸೊಸೆ ಅತ್ತಳು, ಆಯಿ ಎಲೆಯಡಿಕೆ ಹಾಕಿಕೊಂಡು ಸುಮ್ಮನಿದ್ದಳು. ಬನಶಂಕರಿ ಜಾತ್ರೆಯಲ್ಲಿ, ನಾಟಕ ಕಂಪನಿಯ ಟೆಂಟಿನ ಮುಂದಿನ ನೂಕುನುಗ್ಗಲಿನಲ್ಲಿ, ಮುಂದೆ ಹೋಗುತ್ತಿದ್ದವಳ ಬೆನ್ನು ನೋಡಿ ನಿಂತೇ ಬಿಟ್ಟಳು. ಗೋಮಿ ದಡಿ ನೂರು ಜನರದಿರುತ್ತದೆ, ಕೆಂಪು ತೋಪ್ ತೆನಿ ಸೆರಗು ಸಾವಿರ ಜನರದು. ಆದರೆ ಒಡಲಿಗೆ ಸೆರಗು ಕೂಡುವ ಕೊಂಡಿಯ ಹತ್ತಿರ ಹರಿದದ್ದಕ್ಕೆ ಹಸಿರು ನೂಲಿನಿಂದ ಹೊಲಿಗೆ ಹಾಕಿದವಳು ಆಯಿಯೇ.

ಬಂದೋಬಸ್ತಿನ ಹವಾಲ್ದಾರರು ಓಡಿ ಬಂದರು. ಹೊಲಿಗೆ ನೋಡಿದರು, ಮೀಸೆ ತಿರುವಿದರು. ‘ಆಯಿ, ಇದು ಮುದ್ದೆಮಾಲು, ಈಗs ಜಪ್ತಿ ಮಾಡಬೇಕು.’

‘ನಿನ್ನ ಜಪ್ತಿಗೆ ಬೆಂಕಿ ಹಾಕಲಿ’ ಎಂದಳು ಆಯಿ. ‘ತುಂಬಿದ ಜಾತ್ರ್ಯಾಗ ಹೆಣ್ಣಮಗಳ ಸೀರಿಗೆ ಕೈ ಹಚ್ಚತೀಯೇನೋ ತಮ್ಮಾ? ಅಕಿ ಮನೀಗೆ ಹೋಗಿ ಬ್ಯಾರೆ ಉಟಗೊಂಡು ಬರಲಿ. ಅಲ್ಲೀತನಕ ನನಗೊಂದು ಚಾ ಹೇಳು.’