ಎತ್ತು ಕೇಳಿದ ಪಾಠ

ನಮ್ಮ ಕಡೆ ಯಾರ ಮನೆಗೆ ಹೋದರೂ ಗೋಡೆ ಗಡಿಯಾರ ನೋಡುವುದು ನನಗೊಂದು ಚಟ. ಹೊತ್ತು ತಿಳಿಯಲೆಂದಲ್ಲ. ಮನೆಯ ಯಜಮಾನ ಯಾವ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಸೇರಿ ಎಷ್ಟು ವರ್ಷವಾಯಿತು ಎಂಬುದೆಲ್ಲ ಅದರ ಮುಖದ ಮೇಲೇ ಅಚ್ಚಾಗಿರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಈ ಸೀಮೆಯಲ್ಲಿ ನೆಲದ ಕೆಳಗೆ ಸುಣ್ಣದ ಕಲ್ಲು, ನೆಲದ ಮೇಲೆ ಸಿಮೆಂಟ್ ಕಾರ್ಖಾನೆ, ಗೋಡೆಯ ಮೇಲೆ ಕಾರ್ಖಾನೆ ಕೊಟ್ಟ ಗಡಿಯಾರ. ಗಡಿಯಾರ ಕಾಣದಿದ್ದರೆ ಅಡುಗೆಮನೆಯಲ್ಲಿ ಸುರಕ್ಷತಾ ಸಪ್ತಾಹದ ಟಿಫಿನ್ ಡಬ್ಬಿಯಾದರೂ ಇದ್ದೇ ಇರುತ್ತದೆ. ಅದರಲ್ಲಿ ಶೇಂಗಾ ಹಿಂಡಿ.

ಈ ವಸ್ತುಗಳಲ್ಲಿ ಇತಿಹಾಸವೂ ಉಂಟು. ಇದೇ ಸೀಮೆಯ ಆದಿತ್ಯನಗರದ ಕಾರ್ಖಾನೆಯನ್ನೇ ನೋಡಿ. 1980ರ ದಶಕದಲ್ಲಿ ರಾಜಶ್ರೀ ಸಿಮೆಂಟ್ ಎಂದು ಶುರುವಾದಾಗ ಅದು ಇಂಡಿಯನ್ ರೇಯಾನ್ ಕಂಪನಿಯದು. 1998ರಲ್ಲಿ ಗ್ರಾಸಿಮ್ ಪಾಲಿಗೆ ಹೋಯಿತು, 2010ರಲ್ಲಿ ಅಲ್ಟ್ರಾಟೆಕ್ ಆಯಿತು. ಮೊದಲ ದಿನ ಸೇರಿ ನಿವೃತ್ತಿಯವರೆಗೂ ಇದ್ದವನು ಮೂರು ಕಂಪನಿಗಳ ನೌಕರನಾಗಿ ಮನೆಗೆ ಬಂದ. ಅವನೇನೂ ಕೆಲಸ ಬದಲಿಸಲಿಲ್ಲ. ಅದೇ ಗೇಟು, ಅದೇ ಬಸ್ಸು, ಅದೇ ಧೂಳು. ಬದಲಾದದ್ದು ಕಂಪನಿ. ನಿಷ್ಠೆಯ ಮೇಲೆ ಭಾಷಣ ಮಾಡುವವರು ಈ ಲೆಕ್ಕವನ್ನು ಯಾಕೋ ಹೇಳುವುದಿಲ್ಲ.

ಭಾಷಣ ಅಂದಕೂಡಲೇ ನೆನಪಾಯಿತು. ಈಗ ಎಲ್ಲ ಕಡೆ ಹುರುಪು ತುಂಬುವ ಭಾಷಣಕಾರರ ಕಾಲ. ಹೆಸರು ಬೇಡ, ಒಂದು ಕಾರ್ಖಾನೆಗೆ ಹೀಗೆ ದೂರದ ಊರಿನಿಂದ ಒಬ್ಬರು ಬಂದಿದ್ದರು. ಕೊರಳಿಗೆ ಮೈಕು, ಕಾಲಿಗೆ ಹೊಳೆಯುವ ಬೂಟು. ರಾತ್ರಿ ಪಾಳಿ ಮುಗಿಸಿದವರನ್ನು ಮನೆಗೆ ಬಿಡದೆ ಕುರ್ಚಿಯ ಮೇಲೆ ಕೂಡಿಸಿದ್ದರು. ‘ನಿಮ್ಮೊಳಗೊಂದು ಹುಲಿ ಇದೆ, ಅದನ್ನು ಎಬ್ಬಿಸಿ’ ಎಂದು ಅವರು ಎರಡು ತಾಸು ಕೂಗಿದರು. ಹುಲಿ ಎದ್ದಿತೋ ಇಲ್ಲವೋ, ಮುಂದಿನ ಸಾಲಿನವರು ಮಲಗಿದ್ದಂತೂ ಖರೆ. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಹಿಂದಿನಿಂದ ಒಬ್ಬ ಎದ್ದು ನಿಂತ.

‘ಸಾಹೇಬ್ರ, ನೀವು ಹೇಳಿದ್ದೆಲ್ಲಾ ಖರೆ ಅದರಿ. ಆದ್ರ ಕ್ಯಾಂಟೀನಿನ ಚಹಾ ಯಾವಾಗ ಸುಧಾರಸ್ತದ, ಅದೊಂದು ಹೇಳ್ರಿ.’

ಸಭೆ ನಕ್ಕಿತು, ಭಾಷಣಕಾರರೂ ನಕ್ಕರು, ಅಧಿಕಾರಿಗಳು ಮಾತ್ರ ವಾಚು ನೋಡಿಕೊಂಡರು. ನನಗೆ ಆ ಪ್ರಶ್ನೆ ಇಡೀ ಭಾಷಣಕ್ಕಿಂತ ತೂಕದ್ದೆನಿಸಿತು. ಚಹಾ ನೆಟ್ಟಗಿಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳಿಸಿಕೊಳ್ಳದವರು, ಹುಲಿ ಎಬ್ಬಿಸಲು ಮಾತ್ರ ವಿಮಾನದ ಟಿಕೆಟ್ ಕೊಟ್ಟು ಮನುಷ್ಯನನ್ನು ಕರೆಸುತ್ತಾರೆ.

ನಮ್ಮ ಕಾಕಾ ಒಬ್ಬರು ಈ ಭಾಗದ್ದೇ ಒಂದು ಕಾರ್ಖಾನೆಯಲ್ಲಿ ಬರ್ನರ್ ಆಗಿದ್ದರು. ಬರ್ನರ್ ಅಂದರೆ ಕಿಲ್ನಿನ ಬೆಂಕಿ ಕಾಯುವವ. ಕಿಲ್ನ್ ಎಂಬುದು ತುಸು ಓರೆಯಾಗಿ ಮಲಗಿ ಹಗಲೂ ರಾತ್ರಿ ತಿರುಗುವ ಉಕ್ಕಿನ ದೊಡ್ಡ ಕೊಳವೆ. ಒಳಗೆ 1450 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖದಲ್ಲಿ ಸುಣ್ಣದ ಕಲ್ಲಿನ ಪುಡಿ ಬೆಂದು ಕ್ಲಿಂಕರ್ ಎಂಬ ಕಪ್ಪು ಗೋಲಿಗಳಾಗಿ ಉರುಳಿ ಬರುತ್ತದೆ. ಮನಸ್ಸಿಗೆ ಬಂದಾಗ ಅದನ್ನು ನಿಲ್ಲಿಸುವಂತಿಲ್ಲ. ತಟ್ಟನೆ ತಣ್ಣಗಾದರೆ ಒಳಗೆ ಹೊದಿಸಿದ ಇಟ್ಟಿಗೆ ಬಿರಿಯುತ್ತದೆ, ಮತ್ತೆ ಹದಕ್ಕೆ ಕಾಯಿಸಲು ದಿನಗಟ್ಟಲೆ ಬೇಕು, ಅಷ್ಟೂ ಹೊತ್ತು ಕಲ್ಲಿದ್ದಲು ಉರಿದು ಸಿಮೆಂಟ್ ಮಾತ್ರ ಇಲ್ಲ. ಆದ್ದರಿಂದ ಕಿಲ್ನಿಗೆ ಯುಗಾದಿಯಿಲ್ಲ, ಎಳ್ಳಮಾವಾಸ್ಯೆಯಿಲ್ಲ, ಮೊಹರಮ್ಮೂ ಇಲ್ಲ. ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭಜ್ಜಿಪಲ್ಯ, ಸಜ್ಜಿ ರೊಟ್ಟಿ ತಿನ್ನುವಾಗ ಯಾರೋ ಒಬ್ಬ ಬೆಂಕಿಯ ಮುಂದೆ ನಿಂತಿರಲೇಬೇಕು.

ಆಗಿನ್ನೂ ಎಲ್ಲವನ್ನೂ ಕಂಪ್ಯೂಟರ್ ಪರದೆ ಹೇಳುತ್ತಿರಲಿಲ್ಲ. ಕಾಕಾ ನೀಲಿ ಗಾಜು ಕಣ್ಣಿಗೆ ಹಿಡಿದು ಜ್ವಾಲೆಯ ಬಣ್ಣ ನೋಡಿ ಒಳಗಿನ ಹದ ಹೇಳುತ್ತಿದ್ದರು. ಓದಿದ್ದು ಏಳನೆಯ ಇಯತ್ತೆ. ಅವರ ಕಾಲದಲ್ಲಿ ರಾಜಸ್ಥಾನದ ಕಡೆಯ ಒಬ್ಬ ಮ್ಯಾನೇಜರ್ ಇದ್ದರಂತೆ. ಆತನಿಗೆ ಬರುತ್ತಿದ್ದ ಕನ್ನಡ ಒಂದೇ ವಾಕ್ಯ. ರಾತ್ರಿ ಸುತ್ತಿಗೆ ಬಂದಾಗಲೆಲ್ಲ ಕಾಕಾನ ಪಕ್ಕದಲ್ಲಿ ನಿಂತು, ‘ಕಾಕಾ, ಇವತ್ತ ಬೆಂಕಿ ಹ್ಯಾಂಗದ?’ ಎಂದು ಕೇಳುವುದು. ಉತ್ತರ ಅರ್ಥವಾಗುತ್ತಿತ್ತೋ ಇಲ್ಲವೋ, ಪೂರಾ ಕೇಳಿಸಿಕೊಂಡು ತಲೆಯಾಡಿಸಿ ಹೋಗುವುದು. ಒಮ್ಮೆ ಕಾಕಾ ಮದುವೆ ಊಟ ಮುಗಿಸಿಕೊಂಡು ನಡುರಾತ್ರಿ ಟಂಟಂನಲ್ಲಿ ಬರುತ್ತಿದ್ದಾಗ ದೂರದ ಕಿಲ್ನಿನ ಮೈಮೇಲೆ ಅಂಗೈಯಷ್ಟು ಜಾಗ ಕೆಂಪಗೆ ಹೊಳೆಯುವುದು ಕಂಡಿತಂತೆ. ಒಳಗೆ ಇಟ್ಟಿಗೆ ಕಳಚಿ ಉಕ್ಕೇ ಕಾಯುತ್ತಿದೆ ಎಂದರ್ಥ. ಆ ದಿನ ಅವರಿಗೆ ವಾರದ ರಜೆ. ಆದರೂ ಟಂಟಂ ನಿಲ್ಲಿಸಿ, ರೇಷ್ಮೆ ರುಮಾಲು ಸುತ್ತಿದ ತಲೆಯಲ್ಲೇ ಗೇಟಿಗೆ ಓಡಿದರು.

ಆ ಸಾಹೇಬರು ವರ್ಗವಾಗಿ ಹೋದ ಮೇಲೆ ಬಂದವರು ಬರೀ ನೋಟೀಸ್ ಬೋರ್ಡಿನಲ್ಲಿ ಮಾತಾಡುತ್ತಿದ್ದರಂತೆ. ‘ಈ ಹೊಸಬರ ಕಾಲದಾಗ ಆ ಕೆಂಪ್ ಕಂಡಿದ್ರ ಏನ್ ಮಾಡ್ತಿದ್ರಿ ಕಾಕಾ?’ ಎಂದು ನಾನು ಕೆಣಕಿದೆ. ಕಾಕಾ ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, ‘ಖರೆ ಹೇಳ್ಲೇನು? ಕಂಡ್ರೂ ಕಂಡಿಲ್ಲಂತ ಮನೀಗಿ ಬಂದು ಮಲ್ಕೊಂತಿದ್ದೆ’ ಎಂದರು. ಉದ್ಯೋಗಿಯನ್ನು ಬೆಲೆ ಕೊಟ್ಟು ನಡೆಸಿಕೊಂಡರೆ ಉದ್ಯಮಕ್ಕೆ ಏನು ಲಾಭ ಎಂದು ದಪ್ಪ ಪುಸ್ತಕಗಳನ್ನು ಬರೆದಿದ್ದಾರೆ. ನಾನು ಒಂದೆರಡನ್ನು ಓದಿಯೂ ಇದ್ದೇನೆ. ಕಾಕಾನ ಲೆಕ್ಕ ಅವುಗಳಲ್ಲಿ ಇಷ್ಟು ನಿಚ್ಚಳವಾಗಿ ಸಿಗಲಿಲ್ಲ.

ಇಷ್ಟಕ್ಕೂ ಕೆಲಸದವನಿಗೆ ಬೆಲೆ ಕೊಡುವ ಈ ವಿದ್ಯೆ ಕಲಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಆದಿತ್ಯನಗರದ ಕಾರ್ಖಾನೆಯ ಚಿಮಣಿಯಿಂದ ಕೆಲವೇ ಕಿಲೋಮೀಟರಿಗೆ ಕಾಗಿಣಾ ದಂಡೆಯ ಮೇಲೆ ಮಳಖೇಡ ಇದೆ, ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ 64 ವರ್ಷ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ. ಬರೆದವನು ಶ್ರೀವಿಜಯ ಎಂದು ಈಗ ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಆದರೆ 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚು ಹಾಕಿಸಿದಾಗ ಗ್ರಂಥಕರ್ತನ ಜಾಗದಲ್ಲಿ ದೊರೆಯನ್ನೇ ಕೂಡಿಸಿದ್ದರು. ಗ್ರಂಥದಲ್ಲಿ ದೊರೆಯ ಅನುಮತದ ಮಾತಿದೆ ನೋಡಿ, ಗೊಂದಲ ಅಲ್ಲಿಂದ. ಯಾವ ಆಫೀಸಿನಲ್ಲಿ ಕೆಲಸ ಮಾಡಿದವರಿಗೂ ಇದು ಹೊಸ ಕತೆಯಲ್ಲ. ರಾತ್ರಿ ಕೂತು ವರದಿ ಬರೆಯುವವ ಒಬ್ಬ, ‘ಅನುಮತ’ ಎಂದು ಸಹಿ ಹಾಕುವವ ಇನ್ನೊಬ್ಬ, ಮುಖ್ಯ ಕಚೇರಿಯಲ್ಲಿ ಚಪ್ಪಾಳೆ ಯಾರಿಗೆಂದು ಹೇಳಬೇಕಾಗಿಲ್ಲ. ಶ್ರೀವಿಜಯನ ಅದೃಷ್ಟ, ಅವನ ಪರವಾಗಿ ವಾದಿಸಲು ಸಾವಿರ ವರ್ಷದ ಮೇಲಾದರೂ ಪಂಡಿತರು ಹುಟ್ಟಿದರು. ವರದಿ ಬರೆದ ನಮ್ಮ ಸಹಾಯಕ ಇಂಜಿನಿಯರಿಗೆ ಆ ಭರವಸೆಯೂ ಇಲ್ಲ.

ಅದೇ ಗ್ರಂಥ ಕನ್ನಡದ ಜನ ಓದು ಕಲಿಯದೆಯೂ ಕಾವ್ಯದ ಹದ ಬಲ್ಲವರು ಎಂದು ಹೊಗಳುತ್ತದೆ. ಆ ಮಾತು ಬಂದಾಗ ನನಗೆ ಕವಿಗಳಿಗಿಂತ ಮೊದಲು ನೆನಪಾಗುವವರು ಶಹಾಬಾದದ ಫರ್ಸಿ ಗಣಿಯವರು. ಕಲ್ಲಿನ ಪದರ ಎಲ್ಲಿ ಬಿಡುತ್ತದೆ ಎಂದು ಸುತ್ತಿಗೆಯ ಸಪ್ಪಳದಲ್ಲೇ ಹೇಳುತ್ತಾರೆ. ದೇಶದ ಎಷ್ಟೋ ಮನೆಗಳ ನೆಲ, ರೈಲು ನಿಲ್ದಾಣಗಳ ನೆಲ ಅವರ ಕಿವಿಯಿಂದ ಬಂದದ್ದು. ಅವರನ್ನು ಯಾರೂ ಕುಶಲಕರ್ಮಿ ಎಂದು ಕರೆದು ಶಾಲು ಹೊದಿಸಿದ್ದು ನಾನು ಕಂಡಿಲ್ಲ.

ನೃಪತುಂಗನ ಬಗ್ಗೆ ಇನ್ನೊಂದು ಮಾತು ಸಂಜಾನ ತಾಮ್ರಪಟದಲ್ಲಿದೆ. ಪ್ರಜೆಗಳಿಗೆ ಕೇಡು ಒದಗಿದಾಗ ಅದು ತೊಲಗಲೆಂದು ಮಹಾಲಕ್ಷ್ಮಿಗೆ ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಅರ್ಪಿಸಿದನಂತೆ. ಈಗಿನ ದೊರೆಗಳಿಂದ ಅಷ್ಟು ನಿರೀಕ್ಷೆ ಯಾರಿಗೂ ಇಲ್ಲ. ತಪ್ಪಾದಾಗ ಕೆಳಗಿನವನ ಕಡೆ ಬೆರಳು ತೋರಿಸದಿದ್ದರೆ ಸಾಕು.

ಮಳಖೇಡದಲ್ಲೇ ಉತ್ತರಾದಿ ಮಠದ ಆವರಣದಲ್ಲಿ ಟೀಕಾರಾಯರ, ಅಂದರೆ ಜಯತೀರ್ಥರ ಬೃಂದಾವನವಿದೆ. ಅವರ ಪೂರ್ವಜನ್ಮದ ಕತೆ ಈ ಕಡೆ ಮಕ್ಕಳಿಗೂ ಗೊತ್ತು. ಮಧ್ವಾಚಾರ್ಯರ ಗ್ರಂಥಗಳ ಹೊರೆ ಹೊತ್ತು ಊರೂರು ತಿರುಗುವ ಎತ್ತೊಂದಿತ್ತು. ಗುರುಗಳು ಪಾಠ ಹೇಳುವಾಗ ಅದು ಮೇವು ಬಿಟ್ಟು ಕಿವಿಗೊಟ್ಟು ನಿಲ್ಲುತ್ತಿತ್ತು. ಒಂದು ದಿನ ಶಿಷ್ಯರು, ತಮ್ಮ ಗ್ರಂಥಗಳಿಗೆ ಟೀಕೆ ಬರೆಯುವವರು ನಮ್ಮಲ್ಲಿ ಯಾರು ಎಂದು ಕೇಳಿದರು. ಪ್ರತಿಯೊಬ್ಬನಿಗೂ ತನ್ನ ಹೆಸರೇ ಬಂದೀತೆಂಬ ಆಸೆ. ಗುರುಗಳು ಎತ್ತನ್ನು ತೋರಿಸಿದರು. ಶಿಷ್ಯರಿಗೆ ಹೊಟ್ಟೆಕಿಚ್ಚಾಗಿ, ಹಾವು ಕಚ್ಚಿ ಸಾಯಲಿ ಎಂದು ಎತ್ತಿಗೆ ಶಾಪ ಕೊಟ್ಟರು. ಬಡ್ತಿಯ ಪಟ್ಟಿ ಹೊರಬಿದ್ದ ದಿನ ಯಾವ ಕಚೇರಿಗೆ ಹೋದರೂ ಈ ಶಾಪದ ಸದ್ದು ಕೇಳುತ್ತದೆ. ಗುರುಗಳು ಎತ್ತನ್ನು ಬದುಕಿಸಿದರು, ಮರುಜನ್ಮದಲ್ಲಿ ಅದೇ ಜಯತೀರ್ಥರಾಗಿ ನ್ಯಾಯಸುಧಾ ಎಂಬ ಟೀಕೆ ಬರೆಯಿತು. ಭಕ್ತರಿಗೆ ಇದು ಮಹಿಮೆಯ ಕತೆ. ನನ್ನಂಥ ಲೌಕಿಕನಿಗೆ ಇದರಲ್ಲಿ ಕಾಣುವುದು ಹೊರೆ ಹೊರುವವನ ಕಿವಿಯನ್ನು ಗಮನಿಸಿದ ಒಬ್ಬ ಯಜಮಾನ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಂತೂ ಒಂದು ಸರ್ಕ್ಯುಲರೇ ಸಿಕ್ಕಿದೆ, ಅಶೋಕನದು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠದ ಕಲ್ಲಿನಲ್ಲಿ ಬ್ರಾಹ್ಮಿ ಅಕ್ಷರ ಕಂಡವು. ಅದರಲ್ಲಿರುವ ಪ್ರತ್ಯೇಕ ಶಾಸನಗಳು ಅಧಿಕಾರಿಗಳನ್ನೇ ಉದ್ದೇಶಿಸಿದವು. ಜನರೆಲ್ಲ ನನ್ನ ಮಕ್ಕಳಿದ್ದಂತೆ, ನೀವು ಅಸೂಯೆ, ಸಿಟ್ಟು, ಆತುರ, ಸೋಮಾರಿತನ ಬಿಟ್ಟು ಕೆಲಸ ಮಾಡಿ, ಮಾಡಿದರೆ ಸ್ವರ್ಗವೂ ಸಿಗುತ್ತದೆ, ನನ್ನ ಋಣವೂ ತೀರುತ್ತದೆ ಎಂಬ ಧಾಟಿ. ಆಗಾಗ ಓದಿ ಹೇಳಬೇಕೆಂಬ ಅಪ್ಪಣೆಯೂ ಉಂಟು. ಮುಂದಿನವರು ಮಾಡಿದ್ದೇನೆಂದರೆ ಕಲ್ಲಿನ ನಡುವೆ ತೂತು ಕೊರೆದು ಅದರ ಮೇಲೆ ವಿಗ್ರಹ ನಿಲ್ಲಿಸಿದ್ದು. ಸರ್ಕ್ಯುಲರಿನ ಗತಿ ಇಂದಿಗೂ ಅಷ್ಟೇ. ಯಾರೂ ಓದುವುದಿಲ್ಲ, ಅದರ ಮೇಲೆ ಏನನ್ನಾದರೂ ಇಡುತ್ತಾರೆ, ಹೆಚ್ಚಾಗಿ ಚಹಾದ ಕಪ್ಪು.

ಇಷ್ಟು ಹೇಳಿದ ಮೇಲೆ, ಬರೀ ಒಳ್ಳೆಯ ಮಾತಿನಿಂದ ಕೆಲಸ ನಡೆಯುತ್ತದೆ ಎಂದು ಯಾರಾದರೂ ತಿಳಿದಾರೆಂಬ ಭಯ ನನಗಿದೆ. ಬೆನ್ನು ತಟ್ಟಿದ ಕೈ ಪಗಾರ ಕೊಡುವಾಗ ಬಿಗಿಯಾದರೆ ಆ ತಟ್ಟುವಿಕೆ ಬೇರೆಯೇ ಅರ್ಥ ಕೊಡುತ್ತದೆ. ಅಮೆರಿಕದ ಹೆನ್ರಿ ಫೋರ್ಡ್ ಕಾರ್ಖಾನೆಯಲ್ಲಿ 1913ರಲ್ಲಿ 14 ಸಾವಿರ ಜಾಗ ತುಂಬಿಸಿಡಲು ವರ್ಷದಲ್ಲಿ 52 ಸಾವಿರ ಜನರನ್ನು ನೇಮಿಸಿಕೊಳ್ಳಬೇಕಾಯಿತಂತೆ. ಸೇರಿದವರು ನಿಲ್ಲುತ್ತಲೇ ಇರಲಿಲ್ಲ. 1914ರ ಜನವರಿಯಲ್ಲಿ ಆತ ಕೂಲಿಯನ್ನು ಸುಮಾರು ಎರಡು ಪಟ್ಟು ಏರಿಸಿ ದಿನಕ್ಕೆ ಐದು ಡಾಲರ್ ಮಾಡಿದ, ದುಡಿಮೆಯನ್ನು ಎಂಟು ತಾಸಿಗೆ ಇಳಿಸಿದ. ಜನ ನಿಂತರು, ಲಾಭವೂ ಏರಿತು. ಜತೆಗೆ ಕೆಲಸಗಾರ ಕುಡಿಯುತ್ತಾನೋ, ಮನೆ ಚೊಕ್ಕಟವಾಗಿದೆಯೋ ಎಂದು ನೋಡಿಬರಲು ತನಿಖೆಯವರನ್ನು ಕಳಿಸಿದನೆಂಬುದು ಕತೆಯ ಸೊಟ್ಟ ಬಾಲ. ನಮ್ಮಲ್ಲಿ ಕಾಯ್ದೆಯೇ ಕನಿಷ್ಠ ಬೋನಸ್ ಶೇಕಡಾ 8.33 ಎಂದು ಗೊತ್ತುಮಾಡಿದೆ. ವರ್ಷದ ಕೂಲಿಯ ಹನ್ನೆರಡರಲ್ಲಿ ಒಂದು ಪಾಲು, ಸರಿಸುಮಾರು ಒಂದು ತಿಂಗಳ ಪಗಾರ. ಕಾಯ್ದೆಯಂತೆ ಕೊಡಲೇಬೇಕಾದುದನ್ನೇ ಉದಾರ ಕೊಡುಗೆ ಎಂಬಂತೆ ಫೋಟೋ ತೆಗೆಸಿಕೊಂಡು ಕೊಡುವವರನ್ನು ಕಂಡರೆ ನನಗೆ ನಗು ತಡೆಯುವುದು ಕಷ್ಟ.

ನಗು ಬಾರದ ವಿಷಯವೂ ಒಂದಿದೆ. ಗಡಿಯಾರ, ಡಬ್ಬಿ, ಮಿಠಾಯಿ ಪೆಟ್ಟಿಗೆಗಳೆಲ್ಲ ಸಾಮಾನ್ಯವಾಗಿ ಹೋಗುವುದು ಕಂಪನಿಯ ಕಾಯಂ ಪಟ್ಟಿಯಲ್ಲಿರುವವರಿಗೆ. ಚೀಲ ತುಂಬುವವರು, ಲಾರಿಗೆ ಹೇರುವವರು, ಬಿದ್ದ ಧೂಳು ಬಳಿಯುವವರು ಗುತ್ತೇದಾರನ ಆಳುಗಳು. ಗೇಟ್ ಪಾಸಿನ ಬಣ್ಣವೇ ಬೇರೆ. ಸೆಪ್ಟೆಂಬರ್ 17ರಂದು ನಮ್ಮ ಕಡೆ ಕಲ್ಯಾಣ ಕರ್ನಾಟಕ ಉತ್ಸವದ ಬಾವುಟ ಏರುತ್ತದೆ, ಅದೇ ದಿನ ಉತ್ತರದಿಂದ ಬಂದ ಇಂಜಿನಿಯರುಗಳು ವಿಶ್ವಕರ್ಮ ಪೂಜೆಗೆ ಯಂತ್ರಗಳಿಗೆ ಹೂಮಾಲೆ ಹಾಕುತ್ತಾರೆ. ಆ ದಿನ ಕ್ರೇನಿಗೂ ಪಂಪಿಗೂ ಕುಂಕುಮ ಸಿಗುತ್ತದೆ. ಹೇರುವ ಆಳಿಗೆ ಪ್ರಸಾದ ಮುಟ್ಟಿತೇ ಎಂದು ಕೇಳುವವರು ಕಡಿಮೆ. ಅವನೂ ರಾತ್ರಿ ಕಿಲ್ನಿನ ಪಕ್ಕದಿಂದಲೇ ಹಾದುಹೋಗುತ್ತಾನೆ. ಕೆಂಪು ಕಲೆ ಮೊದಲು ಅವನ ಕಣ್ಣಿಗೇ ಬಿದ್ದೀತು. ಯಾರಿಗೆ ಹೇಳಬೇಕು, ಹೇಳಿದರೆ ಯಾರು ಕೇಳುತ್ತಾರೆ ಎಂಬುದು ಮಾತ್ರ ಅವನಿಗೆ ಗೊತ್ತಿಲ್ಲ.

ಕಾರ್ಖಾನೆ ನಡೆಸುವವರಲ್ಲಿ ನನ್ನದೊಂದು ಅರಿಕೆ. ಬರುವ ದೀಪಾವಳಿಗೆ ಮಿಠಾಯಿ ಪೆಟ್ಟಿಗೆಗೆ ಆರ್ಡರ್ ಕೊಡುವ ಮೊದಲು ಗುತ್ತೇದಾರರ ಹಾಜರಿ ಪುಸ್ತಕಗಳನ್ನೂ ತರಿಸಿಕೊಂಡು ಹೆಸರು ಎಣಿಸಿ. ಆಮೇಲೆ ಕ್ಯಾಂಟೀನಿಗೆ ಹೋಗಿ ಒಂದು ಕಪ್ ಚಹಾ ಕುಡಿದು ನೋಡಿ. ಭಾಷಣಕಾರರನ್ನು ಕರೆಸುವ ವಿಚಾರ ಅದರ ನಂತರ ಮಾಡೋಣ.