ಆಕಾಶದಲ್ಲೇ ಕಳೆದುಹೋದ ಭಾನುವಾರ

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸುಮಾರು 14,000 ಕಿ.ಮೀ. ಅಂತರವಿದ್ದು, ಗೋಳದ ಮೇಲಿನ ಎರಡು ಬಿಂದುಗಳನ್ನು ಕೂಡಿಸುವ ಅತಿ ಹತ್ತಿರದ ಹಾದಿಯಾದ ಮಹಾವೃತ್ತವು ಇಲ್ಲಿ ಉತ್ತರ ಧ್ರುವದ ನೆರೆಯಲ್ಲಿ ಹಾಯುವುದರಿಂದ, ವಿಮಾನ ಆ ಹಾದಿಯನ್ನೇ ಹಿಡಿದರೆ, ಗೋಡೆಯ ಭೂಪಟವನ್ನು ನಂಬಿ ಪೆಸಿಫಿಕ್ ಸಾಗರ ನೋಡಲೆಂದು ಕಿಟಕಿಯ ಸೀಟು ಹಿಡಿದವರಿಗೆ ಬೇಸಿಗೆಯಲ್ಲಿ ಹಿಮ, ಚಳಿಗಾಲದಲ್ಲಿ ಬರಿಯ ಕತ್ತಲೆಯೇ ಗತಿ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮಹಿಳಾ ಪೈಲಟ್‌ಗಳೇ ಹಾರಿಸಿ ತಂದ ಏರ್ ಇಂಡಿಯಾದ ಮೊದಲ ನೇರ ವಿಮಾನಕ್ಕೆ ಹಾರಾಟದಲ್ಲಿ ಹಿಡಿದದ್ದು ಸುಮಾರು 17 ಗಂಟೆಯೇ ಆದರೂ, ಚಳಿಗಾಲದಲ್ಲಿ ಬೆಂಗಳೂರಿನ ಗಡಿಯಾರ ಹದಿಮೂರೂವರೆ ಗಂಟೆ ಮುಂದಿರುವ ಕಾರಣ ಅದು ಇಳಿದದ್ದು ಸೋಮವಾರ ನಸುಕಿನಲ್ಲಿ. ಪ್ರಯಾಣಿಕರ ಪಾಲಿನ ಭಾನುವಾರ, ಅದೂ ರಜೆಯ ದಿನ, ಯಾವ ಲೆಕ್ಕಕ್ಕೂ ಸಿಗದೆ ಮೇಲೆಯೇ ಮುಗಿದುಹೋಯಿತು. ಪರಿಹಾರವೆಂಬಂತೆ, ಆ ಹೊತ್ತಿನಲ್ಲಿ, ವಿಮಾನ ನಿಲ್ದಾಣದಿಂದ ಊರಿಗೆ ಬರುವ ದಾರಿಯಲ್ಲಿ ವಾಹನಗಳಿಂದ ಕಿಕ್ಕಿರಿಯುವ ಹೆಬ್ಬಾಳದ ಮೇಲ್ಸೇತುವೆಯಾದರೂ ಖಾಲಿಯಿದ್ದಿರಬೇಕು.