ನಡುಮನೆಯ ಪೆಟ್ಟಿಗೆ ಮತ್ತು ಎರಡು ಕಿಲೋಹರ್ಟ್ಸ್

ಹೊರನಾಡಿನ ಮನೆಯೊಂದರಲ್ಲಿ ಕನ್ನಡ ಎಷ್ಟು ಗಟ್ಟಿಯಾಗಿದೆ ಎಂದು ತಿಳಿಯಬೇಕಾದರೆ ರಾಜ್ಯೋತ್ಸವದ ದಿನ ಹೋಗಬಾರದು. ಆ ದಿನ ಎಲ್ಲರ ಮನೆಯ ಕನ್ನಡವೂ ತಲೆಗೆ ಎಣ್ಣೆ ನೀರು ಹಾಕಿಕೊಂಡು, ಇಸ್ತ್ರಿ ಬಟ್ಟೆ ತೊಟ್ಟು, ಹಳದಿ ಕೆಂಪು ಶಾಲು ಹೊದ್ದು ಕೂತಿರುತ್ತದೆ. ಯಾವುದಾದರೂ ಮಾಮೂಲಿ ಮಂಗಳವಾರ ಸಂಜೆ ಹೋಗಿ, ಆ ಮನೆಯಲ್ಲಿ ಹಾಡುವ ಪೆಟ್ಟಿಗೆ ಎಲ್ಲಿದೆ ಎಂದು ನೋಡಬೇಕು. ಅದು ಷೋಕೇಸಿನಲ್ಲಿ ಕಸೂತಿ ಹೊದಿಕೆ ಹೊದ್ದಿದ್ದರೆ ಆ ಮನೆಯಲ್ಲಿ ಕನ್ನಡಕ್ಕೆ ಪೂಜೆ ಆಗುತ್ತಿದೆ, ನೈವೇದ್ಯ ಮಾತ್ರ ಇಲ್ಲ. ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಇಯರ್‌ಫೋನ್ ಇದ್ದರೆ ಕನ್ನಡ ಪಾಲುಪಾರೀಕತ್ತಾಗಿ ಹೋಗಿದೆ. ನಡುಮನೆಯಲ್ಲಿ ಬಾಯಿ ಬಿಟ್ಟು ಹಾಡುತ್ತಾ, ಅಡುಗೆಮನೆಯಿಂದ ‘ಸ್ವಲ್ಪ ಮೆಲ್ಲಗಿಡ್ರೀ’ ಎಂದು ಬೈಸಿಕೊಳ್ಳುತ್ತಿದ್ದರೆ ಭಾಷೆ ಬದುಕಿದೆ. ನನ್ನ ವಾದ ಇಷ್ಟೇ: ಹೊರನಾಡಿನಲ್ಲಿ ಭಾಷೆಯನ್ನು ಉಳಿಸುವುದು ಅಭಿಮಾನ ಅಲ್ಲ, ವೈರಿಂಗು. ಈ ಮಾತಿಗೆ ಸಾಕ್ಷಿ ಹೇಳಲು ಒಂದು ಸಿ.ಡಿ. ರಿಸೀವರನ್ನು ಕಟಕಟೆಗೆ ಹತ್ತಿಸುತ್ತಿದ್ದೇನೆ.

ಹೊರನಾಡ ಕನ್ನಡಿಗರಲ್ಲಿ ಎರಡು ಬಗೆ. ತಾವೇ ಎದ್ದು ಹೋದವರು ಒಂದು ಬಗೆ. ತಾವು ಕೂತಲ್ಲೇ ಕೂತಿದ್ದು, ನಾಡೇ ಎದ್ದು ಹೋದವರು ಇನ್ನೊಂದು ಬಗೆ. ಹಿಂದೂಪುರದ ಪಕ್ಕದ ಪರಿಗಿಯ ಕನ್ನಡ ಮನೆಗಳು ಎರಡನೆಯ ಬಗೆಯವು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ, ನಂದಿಬೆಟ್ಟದ ಕಡೆ ಹುಟ್ಟಿದ ಪೆನ್ನಾರನ್ನು ಬಂದು ಕೂಡುವುದು ಈ ಪರಿಗಿ ಸೀಮೆಯಲ್ಲೇ. ಎರಡೂ ನದಿಗೆ ತವರು ಕರ್ನಾಟಕ, ಮದುವೆ ಆಂಧ್ರದಲ್ಲಿ. ಈ ಸೀಮೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1882ರಲ್ಲಿ ಅನಂತಪುರ ಜಿಲ್ಲೆಗೆ ಬಂತು. 1953ರಲ್ಲಿ ಮದ್ರಾಸಿನಿಂದ ಬಿಡಿಸಿಕೊಂಡು ಆಂಧ್ರ ಆಯಿತು, 1956ರಲ್ಲಿ ಆಂಧ್ರ ಪ್ರದೇಶ ಆಯಿತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆ ಆಯಿತು. ಮನೆಯ ಹೊಸ್ತಿಲು ಒಂದಂಗುಲ ಕದಲಲಿಲ್ಲ, ಲಕೋಟೆಯ ಮೇಲಿನ ವಿಳಾಸ ಮಾತ್ರ ಊರೂರು ಸುತ್ತಿತು. ಇಲ್ಲಿ ಮಗು ‘ಅವ್ವಾ’ ಎಂದು ಕೂಗಿದರೆ ಕನ್ನಡದ ಲೆಕ್ಕದಲ್ಲಿ ತಾಯಿ ಓಗೊಡಬೇಕು, ತೆಲುಗಿನ ಲೆಕ್ಕದಲ್ಲಿ ಅಜ್ಜಿ. ಇಬ್ಬರೂ ಓಗೊಡುತ್ತಾರೆ, ಮಗುವಿಗೆ ಎರಡು ಸಲ ತಿಂಡಿ. ಹೊರನಾಡಾದದ್ದರಿಂದ ನಷ್ಟವೇ ಎಂದು ಯಾರು ಹೇಳಿದರು?

ಈಗ ಈ ಎರಡೂ ಬಗೆ ಒಂದೇ ಮನೆತನದಲ್ಲಿ ಸೇರಿದವು ಎಂದಿಟ್ಟುಕೊಳ್ಳಿ. ಮಗ ನ್ಯೂಜೆರ್ಸಿಯಲ್ಲಿ, ತಂದೆ ತಾಯಿ ಪರಿಗಿಯಲ್ಲಿ. ಮಗ ಅಲ್ಲಿ ಹೊಸದು ಕೊಂಡು, ಹಳೆಯ ಸಿ.ಡಿ. ರಿಸೀವರನ್ನು ಸೂಟ್‌ಕೇಸಿನಲ್ಲಿ ಪಂಚೆ ಸುತ್ತಿ ತರುತ್ತಾನೆ. ಸಿ.ಡಿ. ರಿಸೀವರ್ ಎಂದರೆ ಡಿಸ್ಕ್ ಓದುವ ಯಂತ್ರ, ರೇಡಿಯೊ, ಆಂಪ್ಲಿಫೈಯರ್ ಮೂರೂ ಒಂದೇ ಸೂರಿನಡಿ ಇರುವ ಕೂಡುಕುಟುಂಬ. ವಾಲ್ಯೂಮ್ ಗುಂಡಿಯೇ ಮನೆಯ ಯಜಮಾನ. ಈ ಪೆಟ್ಟಿಗೆ ದೇವನಹಳ್ಳಿಯಲ್ಲಿ ವಿಮಾನದಿಂದ ಇಳಿದು, ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರ ಸೇರುತ್ತದೆ. ಒಂದು ಹೊರನಾಡಿನಿಂದ ಇನ್ನೊಂದು ಹೊರನಾಡಿಗೆ ಹೋಗುವ ದಾರಿಯಲ್ಲಿ ಒಳನಾಡು ಎರಡು ತಾಸಿನಷ್ಟು ಕಿಟಕಿಯಲ್ಲಿ ಕಾಣುತ್ತದೆ. ಅಪಾಯ ಇರುವುದು ಮನೆ ಸೇರಿದ ಮೇಲೆ. ಅಮೆರಿಕದ ಪೆಟ್ಟಿಗೆ 120 ವೋಲ್ಟ್ ಕುಡಿದು ಬೆಳೆದದ್ದು, ನಮ್ಮ ಗೋಡೆಯಲ್ಲಿರುವುದು 230. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡದೆ, ಬರೀ ಪ್ಲಗ್ಗಿನ ಕಾಲು ಬದಲಿಸಿ ಚುಚ್ಚಿದರೆ, ಒಂದು ‘ಟಪ್’, ಒಂದೆಳೆ ಹೊಗೆ, ಆಮೇಲೆ ಶಾಂತಿ. ಹತ್ತಾರು ವರ್ಷ ಪರಸ್ಥಳದಲ್ಲಿದ್ದವರು ಊರಿಗೆ ಬಂದಾಗ ನೆಂಟರ ಪ್ರೀತಿಯನ್ನು ನೇರವಾಗಿ ತಡೆದುಕೊಳ್ಳಲಾಗದೆ ಹೋಟೆಲಿನಲ್ಲಿ ರೂಮು ಮಾಡುತ್ತಾರಲ್ಲ, ಆ ರೂಮೇ ಅವರ ಸ್ಟೆಪ್‌ಡೌನ್.

ಟ್ರಾನ್ಸ್‌ಫಾರ್ಮರ್ ಬಂತು, ದೀಪ ಹತ್ತಿತು. ಮನೆಯ ಹಿರಿಯರು ಮೊದಲು ಕೇಳುವುದು ಬೆಂಗಳೂರು ಸ್ಟೇಷನ್. ಮೀಡಿಯಂ ವೇವ್‌ನಲ್ಲಿ ಅದರ ಜಾಗ 612 ಕಿಲೋಹರ್ಟ್ಸ್. ಇಲ್ಲಿ ಎರಡನೆಯ ಪೇಚು. ಅಮೆರಿಕದಲ್ಲಿ ಆ ಪಟ್ಟಿಯ ಸ್ಟೇಷನ್‌ಗಳು ಹತ್ತತ್ತು ಕಿಲೋಹರ್ಟ್ಸ್ ದೂರದಲ್ಲಿ ಕೂತಿರುತ್ತವೆ, ನಮ್ಮಲ್ಲಿ ಒಂಬತ್ತೊಂಬತ್ತು. ಒಂಬತ್ತರ ಮಗ್ಗಿಯಲ್ಲಿ ಅರವತ್ತೆಂಟು ಮೆಟ್ಟಿಲು ಹತ್ತಿದರೆ ಬೆಂಗಳೂರು. ಹತ್ತರ ಮಗ್ಗಿಯಲ್ಲಿ ಎಷ್ಟು ಹತ್ತಿದರೂ ಬೆಂಗಳೂರು ಇಲ್ಲ. ಪೆಟ್ಟಿಗೆ 610ಕ್ಕೆ ನಿಲ್ಲುತ್ತದೆ, ಇಲ್ಲವೆ 620ಕ್ಕೆ ಹಾರುತ್ತದೆ. 610ರಲ್ಲಿ ವಾರ್ತೆ ಓದುವವರು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಸೋರುವ ಚಪ್ಪರದ ಕೆಳಗೆ ಕೂತಂತೆ ಕೇಳಿಸುತ್ತಾರೆ. ಇದನ್ನು ನಾನು ಹೊರನಾಡಿನ ನಿಖರ ಅಳತೆ ಎಂದು ಭಾವಿಸುತ್ತೇನೆ. ಹೊರನಾಡೆಂದರೆ ಸಾವಿರಾರು ಮೈಲಿ ದೂರ ಅಲ್ಲ. ಎರಡು ಕಿಲೋಹರ್ಟ್ಸ್ ತಪ್ಪು. ದೂರವನ್ನಾದರೆ ವಿಮಾನ ಹತ್ತಿ ಕಳೆಯಬಹುದು, ಹೆಜ್ಜೆಯ ಲೆಕ್ಕ ಬೇರೆಯಾದವರು ಪಕ್ಕದಲ್ಲೇ ಇದ್ದರೂ ಸೇರುವುದಿಲ್ಲ. ಗಡಿಯ ಕಲ್ಯಾಣದುರ್ಗದಲ್ಲಿ ಕೂತು ಕನ್ನಡ ಸಿಗದವರೂ ಉಂಟು, ಕ್ಯಾಲಿಫೋರ್ನಿಯಾದಲ್ಲಿ ಕೂತು ಸರಿಯಾಗಿ ಹಿಡಿದವರೂ ಉಂಟು.

ರೇಡಿಯೊ ಕೈಕೊಟ್ಟ ಮೇಲೆ ಉಳಿದದ್ದು ಡಿಸ್ಕು, ಅದಕ್ಕೆ ಬೇಕಾದದ್ದು ಸ್ಪೀಕರು. ನಮ್ಮ ಸಂಸಾರಗಳ ಸ್ವಭಾವವೆಲ್ಲ ಹೊರಬೀಳುವುದು ಇಲ್ಲೇ. ಎರಡು ಸ್ಪೀಕರುಗಳೂ ಕೇಳುವವನೂ ಸೇರಿ ಸಮಬಾಹು ತ್ರಿಕೋನ ಆಗಬೇಕು ಎನ್ನುತ್ತದೆ ಶಾಸ್ತ್ರ. ವಾಸ್ತವದಲ್ಲಿ ಒಂದು ಸ್ಪೀಕರು ಬೀರುವಿನ ತಲೆಯ ಮೇಲೆ, ಇನ್ನೊಂದು ದೇವರಕೋಣೆಯ ಬಾಗಿಲಲ್ಲಿ. ಪಿಟೀಲು ಸ್ವರ್ಗದಿಂದ, ಮೃದಂಗ ಗರ್ಭಗುಡಿಯಿಂದ. ತಂತಿಯಲ್ಲಿ ಎರಡೆಳೆ, ಕೆಂಪು ಮತ್ತು ಕಪ್ಪು. ಒಂದು ಸ್ಪೀಕರಿಗೆ ಸರಿಯಾಗಿ ಕೊಟ್ಟು ಇನ್ನೊಂದಕ್ಕೆ ಅದಲುಬದಲು ಮಾಡಿದರೆ ಏನೂ ಸುಡುವುದಿಲ್ಲ, ಏನೂ ಒಡೆಯುವುದಿಲ್ಲ. ಒಂದು ಸ್ಪೀಕರಿನ ಪರದೆ ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿಯುತ್ತದೆ, ಅಷ್ಟೇ; ಒಂದು ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡು, ತಬಲಾದ ಎಡಗೈ ಮಾಯ, ನಡುವೆ ನಿಂತು ಹಾಡಬೇಕಾದವರು ಎಲ್ಲೋ ಗೋಡೆಯಾಚೆ. ಗಂಡ ಹೆಂಡತಿ ಇಬ್ಬರೂ ಒಂದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರೂ ಮಕ್ಕಳಿಗೆ ಏನೂ ಕೇಳಿಸದ ಮನೆಗಳ ರಹಸ್ಯವೂ ಇದೇ ಇರಬೇಕು. ಇನ್ನು ಹೊದಿಕೆ. ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಮೇಲಿನ ಸೀಳುಗಳು ಬಿಸಿ ಹೊರಹೋಗಲಿ ಎಂದೇ ಇರುವುದು. ನಾವು ಅದರ ಮೇಲೆ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟು, ಆಯುಧಪೂಜೆಯ ದಿನ ಡಿಸ್ಕಿನ ತಟ್ಟೆಗೇ ಅರಿಶಿನ ಕುಂಕುಮ ಏರಿಸುತ್ತೇವೆ. ಒಳಗೆ ಸಾಸಿವೆಕಾಳಿನ ಗಾತ್ರದ ಒಂದು ಮಸೂರ ಕಣ್ಣು ತೆರೆದು ಕೂತಿರುತ್ತದೆ. ಅದರ ಮೇಲೆ ಬಿದ್ದ ಅರಿಶಿನದ ಪುಡಿ ಭಕ್ತಿಯೋ ಧೂಳೋ ಎಂದು ಲೇಸರಿಗೆ ತಿಳಿಯದು.

ಡಿಸ್ಕ್ ಒರೆಸುವುದರಲ್ಲೂ ಒಂದು ಸಂಸ್ಕೃತಿ ಇದೆ. ನಮ್ಮ ಕೈಗೆ ತಟ್ಟೆಯೆಂದರೆ ದುಂಡಗೆ ಒರೆಸಿ ಅಭ್ಯಾಸ. ಸಿ.ಡಿ.ಯನ್ನು ಹಾಗೆ ಒರೆಸಬಾರದು; ಹಾಡು ಬರೆದಿರುವ ಗೆರೆಯೂ ಒಳಗಿನಿಂದ ಹೊರಕ್ಕೆ ದುಂಡಗೇ ಸುತ್ತಿರುತ್ತದೆ, ಅದೇ ದಿಕ್ಕಿನಲ್ಲಿ ಗೀರಿದರೆ ಒಂದೇ ಕಡೆ ಬಹಳ ಅಕ್ಷರ ಅಳಿದು ಯಂತ್ರ ತಬ್ಬಿಬ್ಬಾಗುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಗೀರು ಬಿದ್ದರೂ ಒಂದೊಂದು ಸುತ್ತಿಗೆ ಚೂರುಚೂರು ನಷ್ಟ, ಅದನ್ನು ಯಂತ್ರ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಇನ್ನೂ ಒಂದು ಗುಟ್ಟು: ಹೊಳೆಯುವ ಬದಿಗಿಂತ ಚಿತ್ರ ಇರುವ ಬದಿಯೇ ನಾಜೂಕು, ಹಾಡನ್ನು ಹಿಡಿದಿರುವ ತೆಳು ಲೋಹದ ಪದರ ಅದರ ಕೆಳಗೇ ಇದೆ. ಅದರ ಮೇಲೆ ಬಾಲ್‌ಪೆನ್ನು ಒತ್ತಿ ‘ದೇವರನಾಮ, ಅಮ್ಮನಿಗೆ’ ಎಂದು ಬರೆದರೆ ಅಮ್ಮನಿಗೆ ಆ ಬರಹ ಮಾತ್ರ ಸಿಗುತ್ತದೆ. ಇನ್ನು ಮಗ ನೂರೈವತ್ತು ಎಂಪಿ3 ಹಾಡುಗಳನ್ನು ಒಂದೇ ಡಿಸ್ಕಿಗೆ ಸುರಿದು ಕಳಿಸಿದ್ದರೆ, ಹಳೆಯ ಕಾಲದ ರಿಸೀವರ್ ಗರಗರ ತಿರುಗಿಸಿ ನೋಡಿ ‘ನೋ ಡಿಸ್ಕ್’ ಎನ್ನುವುದುಂಟು. ಬಾಯ ತುಂಬ ಇಟ್ಟುಕೊಂಡು ‘ಏನೂ ಇಲ್ಲ’ ಎನ್ನುವ ಈ ವಿದ್ಯೆಯನ್ನು ಅದು ಮಕ್ಕಳಿಂದ ಕಲಿತದ್ದೋ, ಮಕ್ಕಳು ಅದರಿಂದ ಕಲಿತದ್ದೋ.

ಇಷ್ಟೆಲ್ಲ ಕಾಟ ಯಾಕೆ, ಫೋನಿನಲ್ಲಿ ಎಲ್ಲ ಹಾಡೂ ಇದೆಯಲ್ಲ ಎಂಬುದು ಮೊದಲ ಆಕ್ಷೇಪ. ಇದೆ, ಒಪ್ಪಿದೆ. ಆದರೆ ಫೋನು ಹಾಡುವುದು ಕೇಳಬೇಕು ಎಂದುಕೊಂಡವನಿಗೆ; ನಡುಮನೆಯ ಪೆಟ್ಟಿಗೆ ಹಾಡುವುದು ಕೇಳಬಾರದು ಎಂದುಕೊಂಡವನಿಗೂ. ಭಾಷೆ ಮಕ್ಕಳಿಗೆ ಹತ್ತುವುದು ಈ ಎರಡನೆಯ ದಾರಿಯಲ್ಲಿ. ಹೋಂವರ್ಕ್ ಮಾಡುತ್ತಾ, ಜಗಳ ಆಡುತ್ತಾ, ಉಪ್ಪಿಟ್ಟು ಬೇಡ ಎಂದು ಅಳುತ್ತಾ ಕಿವಿಯ ಅಂಚಿನಲ್ಲಿ ಬಿದ್ದ ಪದವೇ ನಾಲಗೆಗೆ ಇಳಿಯುವುದು. ಕಲಿಸಲು ಕೂರಿಸಿದರೆ ಮಗು ಓಡುತ್ತದೆ. ಡಿಸ್ಕಿಗೆ ಇನ್ನೊಂದು ಗುಣ ಇದೆ, ಹಟ. ಮೂರನೆಯ ಹಾಡಾದ ಮೇಲೆ ನಾಲ್ಕನೆಯದೇ ಬರುತ್ತದೆ; ಹತ್ತು ಸಲ ಕೇಳಿದ ಮಗು ನಡುವಿನ ಮೌನದಲ್ಲೇ ಮುಂದಿನ ಪಲ್ಲವಿ ಎತ್ತುತ್ತದೆ. ಫೋನು ಮಾತ್ರ ನಾಲ್ಕನೆಯದಕ್ಕೆ ‘ನಿಮಗೆ ಇದೂ ಇಷ್ಟವಾಗಬಹುದು’ ಎಂದು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ ‘ನಿತ್ಯೋತ್ಸವ’ ಎಂಬ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಬಂದಾಗ, ಕವಿತೆ ಪುಸ್ತಕ ಬಿಟ್ಟು ನಡುಮನೆಗೆ ಬಂತು. ಪುಸ್ತಕ ಮುಟ್ಟದವರ ಬಾಯಲ್ಲೂ ಕವಿತೆ ಕೂತದ್ದು ಮನೆಗೊಂದೇ ಯಂತ್ರ ಇದ್ದದ್ದರಿಂದ, ಮತ್ತು ಎದ್ದು ಹೋಗಿ ಆರಿಸಲಾರದ ಸೋಮಾರಿತನದಿಂದ. ನಮ್ಮ ಸಂಸ್ಕೃತಿಗೆ ಸೋಮಾರಿತನ ಮಾಡಿದ ಸೇವೆಯನ್ನು ಯಾರೂ ಸರಿಯಾಗಿ ದಾಖಲಿಸಿಲ್ಲ.

ಸಿ.ಡಿ. ಕಾಲ ಮುಗಿಯಿತು ಎಂಬುದು ಎರಡನೆಯ ಆಕ್ಷೇಪ. ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸೋನಿಯ ಮೊದಲ ಸಿ.ಡಿ. ಪ್ಲೇಯರ್ ಜಪಾನಿನ ಅಂಗಡಿಗೆ ಬಂದದ್ದು 1982ರ ಅಕ್ಟೋಬರ್ 1ರಂದು. ಆಂಧ್ರ ರಾಜ್ಯ ಹುಟ್ಟಿದ್ದೂ ಅಕ್ಟೋಬರ್ 1ರಂದೇ, ಇಪ್ಪತ್ತೊಂಬತ್ತು ವರ್ಷ ಮೊದಲು. ಪರಿಗಿಯ ಮಟ್ಟಿಗೆ ಇಬ್ಬರದೂ ಒಂದೇ ಹುಟ್ಟುಹಬ್ಬ. ಆ ರಾಜ್ಯದ ಎಲ್ಲೆ ಮೂರು ವರ್ಷಕ್ಕೇ ಬದಲಾಯಿತು, ಸಿ.ಡಿ.ಯ ಹನ್ನೆರಡು ಸೆಂಟಿಮೀಟರ್ ಅಗಲ ಇವತ್ತಿಗೂ ಬದಲಾಗಿಲ್ಲ. ಇತ್ತೀಚಿನ ರಿಸೀವರುಗಳು ಡಿಸ್ಕ್ ತಟ್ಟೆಯ ಜೊತೆಗೆ ಬ್ಲೂಟೂತನ್ನೂ ಸೊಸೆಯಾಗಿ ತಂದುಕೊಂಡಿವೆ. ಫೋನಿನ ಹಾಡನ್ನೂ ನಡುಮನೆಯಲ್ಲೇ ಹಾಡುತ್ತವೆ. ಮರಾಂಟ್ಸ್ ಕಂಪನಿಯ ಒಂದು ಮಾದರಿಗಂತೂ ಎಂ-ಸಿಆರ್612 ಎಂದೇ ಹೆಸರು. ಬೆಂಗಳೂರನ್ನು ನೆನೆದು ಇಟ್ಟದ್ದಲ್ಲ, ಆದರೂ ನಮ್ಮ ಸಂಖ್ಯೆ ಎಂದು ಹೆಮ್ಮೆ ಪಡಲು ಅಡ್ಡಿ ಇಲ್ಲ. ನನ್ನ ಹಟ ಡಿಸ್ಕಿನದಲ್ಲ. ನಡುಮನೆಯಲ್ಲಿ, ಎಲ್ಲರಿಗೂ ಸೇರಿ, ಒಂದು ದನಿ ಇರಬೇಕು ಎಂಬುದು.

ತೆಲುಗು ನಾಡಿನಲ್ಲಿದ್ದು ಕನ್ನಡ ಹಾಡು ಗಟ್ಟಿಯಾಗಿ ಹಾಕುವುದು ನೆರೆಹೊರೆಗೆ ಸಲ್ಲದು ಎಂಬುದು ಮೂರನೆಯ ಆಕ್ಷೇಪ, ಮೂರರಲ್ಲಿ ಸಭ್ಯವಾದದ್ದು. ಆದರೆ ಡಿಸ್ಕಿನ ಮೇಲಿನ ಹೆಸರುಗಳನ್ನು ಓದಿ. ರಾಜ್‌ಕುಮಾರರಿಗೆ ಬಹುಕಾಲ ದನಿಯಾದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಎಸ್. ಜಾನಕಿ ಗುಂಟೂರು ಸೀಮೆಯವರು, ಪಿ. ಸುಶೀಲಾ ವಿಜಯನಗರಂನವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರು ಕಡೆಯವರು. 2006ರ ‘ಮುಂಗಾರು ಮಳೆ’ಗೆ ಸಂಗೀತ ಕೊಟ್ಟ ಮನೋ ಮೂರ್ತಿ ನೆಲೆಸಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದರಲ್ಲಿ ಹಾಡಿದ ಸೋನು ನಿಗಮ್ ಫರೀದಾಬಾದಿನವರು. ಕನ್ನಡ ಸಿನಿಮಾ ಹಾಡೇ ಮುಕ್ಕಾಲು ಪಾಲು ಹೊರನಾಡಿನದು. ಪರಿಗಿಯ ಮನೆಯಲ್ಲಿ ಕನ್ನಡ ಹಾಡು ಹಾಕುವುದೆಂದರೆ ಆಂಧ್ರದಿಂದ ಸಾಲ ತಂದ ಕಂಠವನ್ನು ಬಡ್ಡಿಸಮೇತ ವಾಪಸು ಕೊಟ್ಟಂತೆ. ಪಕ್ಕದ ಮನೆಯ ಮಗು ‘ಪಾಟ ಪಾಡು’ ಎಂದರೆ ಬೇಸರ ಬೇಡ: ನಮ್ಮ ಹಾಡು ಹಳಗನ್ನಡದಲ್ಲಿ ಪಾಡೇ ಆಗಿತ್ತು, ಹಾಲು ಪಾಲಾಗಿತ್ತು. ಆ ಮಗು ಪಂಪನ ಕಡೆಯದು.

ಕೊನೆಗೆ ಒಂದು ಮಾತು ಒಪ್ಪಿಬಿಡುತ್ತೇನೆ. ಹಾಡು ಕೇಳಿದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ, ಪೆಟ್ಟಿಗೆ ಶಾಲೆಯ ಕೆಲಸ ಮಾಡುವುದಿಲ್ಲ. ಅದು ಕಿವಿಯನ್ನು ಹದ ಮಾಡಿಡುತ್ತದೆ, ಬಿತ್ತುವವರು ಬರಬೇಕು. ಹದವೇ ಇಲ್ಲದ ನೆಲಕ್ಕೆ ಬಿತ್ತುವವರು ಬಂದು ಏನು ಮಾಡುತ್ತಾರೆ? ಆದ್ದರಿಂದ, ಪರದೇಶದ ಪೆಟ್ಟಿಗೆ ನಿಮ್ಮ ಮನೆಯಲ್ಲೂ ಇದ್ದರೆ ಹೊದಿಕೆ ತೆಗೆಯಿರಿ, ಕೆಂಪಿಗೆ ಕೆಂಪು ಕಪ್ಪಿಗೆ ಕಪ್ಪು ಕೊಡಿ, ನಡುಮನೆಗೆ ತಂದಿಡಿ. ಹಿಂಬದಿಯನ್ನೊಮ್ಮೆ ತಿರುಗಿಸಿ ನೋಡಿ. ಕೆಲವು ಪೆಟ್ಟಿಗೆಗಳಲ್ಲಿ 9 ಮತ್ತು 10 ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ, ಕೆಲವಕ್ಕೆ ಮುಂದಿನ ಗುಂಡಿಗಳನ್ನು ಒಟ್ಟಿಗೆ ಅದುಮಬೇಕು, ಜೊತೆಗೆ ಬಂದ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಅದನ್ನು 9ಕ್ಕೆ ಸರಿಸಿದರೆ ಅಮೆರಿಕದಲ್ಲಿ ನೆನಪಿಟ್ಟ ಸ್ಟೇಷನ್‌ಗಳೆಲ್ಲ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ಹೋಗಲಿ ಬಿಡಿ, 612 ಸಿಗುತ್ತದೆ.